ವಿದ್ವಾಂಸರ ರಾಜಕೀಯ: ಬೆಲೆ ತೆರುವವರು ಯಾರು?

ಕಾಶಿಯಾತ್ರೆಗೆ ಹೊರಡುವ ನಮ್ಮ ಕನ್ನಡ ಬಾಂಧವರು ವಿಶ್ವನಾಥನ ದರ್ಶನ ಮಾಡುತ್ತಾರೆ. ಗಂಗೆಯಲ್ಲಿ ಮಿಂದು ಪಿತೃಗಳಿಗೆ ತರ್ಪಣ ಬಿಡುತ್ತಾರೆ. ಹನುಮಾನ್ ಘಾಟಿನ ಸುತ್ತಮುತ್ತ ದಕ್ಷಿಣದ ಊಟ ಎಲ್ಲಿ ಸಿಕ್ಕೀತೆಂದು ವಿಚಾರಿಸುತ್ತಾರೆ. ವೀರಶೈವ ಬಂಧುಗಳು ಜಂಗಮವಾಡಿ ಮಠಕ್ಕೆ ಹೋಗಿ ಬರುತ್ತಾರೆ. ಆದರೆ ಊರಿನ ದಕ್ಷಿಣಕ್ಕೆ, ಲಂಕಾ ಎಂಬ ಬಡಾವಣೆಯ ಬದಿಗಿರುವ ಹಿಂದೂ ವಿಶ್ವವಿದ್ಯಾನಿಲಯದ ಮಹಾದ್ವಾರದ ತನಕ ಹೋಗುವವರು ಕಡಿಮೆ. ಆ ವಿದ್ಯಾಪೀಠಕ್ಕೂ ಕನ್ನಡ ನಾಡಿಗೂ ಇರುವ ನಂಟು ಹಳೆಯದು. ೧೯೧೬ರಲ್ಲಿ ಪಂಡಿತ ಮದನಮೋಹನ ಮಾಲವೀಯರ ಶ್ರಮದಿಂದ ಅದು ಉದಯಿಸಿದಾಗ ಅದರ ಮೊದಲ ಕುಲಪತಿಗಳಾದವರು ಮೈಸೂರಿನ ಮಹಾರಾಜರಾದ ಶ್ರೀ ನಾಲ್ವಡಿ ಕೃಷ್ಣರಾಜ ಒಡೆಯರು. ನಮ್ಮ ಮೈಸೂರು ವಿಶ್ವವಿದ್ಯಾನಿಲಯವು ಆರಂಭವಾದದ್ದೂ ಅದೇ ವರ್ಷ.

ಈ ಹಳೆಯ ಮಾತನ್ನು ಈಗ ಎತ್ತುವುದಕ್ಕೆ ಕಾರಣವಿದೆ. ವಿದ್ವಾಂಸರು ರಾಜಕೀಯದಲ್ಲಿ ಕೈಯಿಡಬಹುದೇ, ಇಟ್ಟರೆ ಎಲ್ಲಿಯ ತನಕ ಎಂಬ ಪ್ರಶ್ನೆ ಇಂದು ಪ್ರಪಂಚದ ವಿಜ್ಞಾನ ಸಭೆಗಳನ್ನು ಅಲುಗಾಡಿಸುತ್ತಿದೆ. ಶಾಲಾಬಾಲಕರಿಗಾಗಿ ನಡೆಯುವ ಅಂತಾರಾಷ್ಟ್ರೀಯ ಒಲಿಂಪಿಯಾಡ್ ಸ್ಪರ್ಧೆಗಳನ್ನೂ ಅದು ಹೊಕ್ಕಿದೆ. ಈ ಪ್ರಶ್ನೆಗೆ ಉತ್ತರ ಹುಡುಕುವವರಿಗೆ ಕಾಶಿಯ ಆ ವಿದ್ಯಾಪೀಠವೇ ಒಂದು ಪಾಠಶಾಲೆ ಎಂಬುದು ನಮ್ಮ ನಂಬಿಕೆ.

ಮೊದಲು ಈ ಸ್ಪರ್ಧೆಗಳೆಂದರೇನೆಂಬುದನ್ನು ವಾಚಕರಿಗೆ ತಿಳಿಸಬೇಕು. ಗಣಿತದ ಒಲಿಂಪಿಯಾಡ್ ೧೯೫೯ರಲ್ಲಿ ರುಮಾನಿಯಾ ದೇಶದಲ್ಲಿ ಏಳು ರಾಷ್ಟ್ರಗಳಿಂದ ಆರಂಭವಾಯಿತು. ದೇಶವೊಂದಕ್ಕೆ ಆರು ವಿದ್ಯಾರ್ಥಿಗಳು; ಎರಡು ದಿನ, ದಿನಕ್ಕೆ ನಾಲ್ಕೂವರೆ ಗಂಟೆ, ಮೂರು ಮೂರು ಲೆಕ್ಕಗಳು; ಒಟ್ಟು ಅಂಕ ೪೨. ಭಾರತವು ೧೯೮೯ರಿಂದ ಅದರಲ್ಲಿ ಭಾಗವಹಿಸುತ್ತಿದೆ. ೧೯೯೬ರಲ್ಲಿ ಮುಂಬಯಿಯಲ್ಲೇ ಅದು ನಡೆಯಿತು. ೨೦೨೪ರಲ್ಲಿ ಇಂಗ್ಲೆಂಡಿನ ಬಾತ್ ನಗರದಲ್ಲಿ ನಮ್ಮ ಹುಡುಗರು ನಾಲ್ಕು ಸ್ವರ್ಣಪದಕಗಳನ್ನು ಗೆದ್ದು ದೇಶಕ್ಕೆ ನಾಲ್ಕನೆಯ ಸ್ಥಾನವನ್ನು ತಂದರು. ಭೌತ, ರಸಾಯನ, ಜೀವಶಾಸ್ತ್ರ, ಖಗೋಳ, ಗಣಕವಿಜ್ಞಾನಗಳಿಗೂ ಇಂಥ ಸ್ಪರ್ಧೆಗಳಿವೆ. ೨೦೨೫ರ ಆಗಸ್ಟಿನಲ್ಲಿ ಖಗೋಳ ಒಲಿಂಪಿಯಾಡಿಗೆಂದು ೬೪ ದೇಶಗಳ ಮುನ್ನೂರರಷ್ಟು ಮಕ್ಕಳು ಮುಂಬಯಿಗೆ ಬಂದಿದ್ದರು. ಅದನ್ನು ನಡೆಸಿದ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವು ನಮ್ಮವರು ನಿತ್ಯವೂ ರೈಲಿನಲ್ಲಿ ಹಾದುಹೋಗುವ ಮಾನಖುರ್ದಿನಲ್ಲಿದೆ.

ಇಂಥ ಸ್ಪರ್ಧೆಗಳಿಗೆ ರಾಜಕೀಯವು ಹೇಗೆ ಬಂದಿತು? ೨೦೨೨ರ ಫೆಬ್ರವರಿಯಲ್ಲಿ ರಷ್ಯಾ ಯುಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ಗಣಿತಜ್ಞರ ವಿಶ್ವಸಮ್ಮೇಳನವು ಆ ವರ್ಷ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕೂಡಬೇಕಾಗಿತ್ತು. ಅದನ್ನು ಅಲ್ಲಿಂದ ಕಿತ್ತು ಅಂತರ್ಜಾಲದಲ್ಲಿ ನಡೆಸಿದರು. ಆಸ್ಲೋ ನಗರದ ಗಣಿತ ಒಲಿಂಪಿಯಾಡಿಗೆ ರಷ್ಯಾ ದೇಶವನ್ನು ಕರೆಯಲಿಲ್ಲ. ಅಲ್ಲಿಯ ಮಕ್ಕಳು ದೇಶದ ಹೆಸರಿಲ್ಲದೆ, ದೂರದಿಂದಲೇ, ಬಿಡಿ ವ್ಯಕ್ತಿಗಳಾಗಿ ಬರೆಯಬೇಕಾಯಿತು. ೨೦೨೪ರಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಗಣಕವಿಜ್ಞಾನದ ಒಲಿಂಪಿಯಾಡ್ ನಡೆದಾಗ ಅದರ ಮಹಾಸಭೆಯು ಗಾಜಾ ಯುದ್ಧದ ಕಾರಣದಿಂದ ಇಸ್ರೇಲಿನ ಮೇಲೆ ನಿರ್ಬಂಧವನ್ನು ಹೇರಿತು. ಮುಂದೆ ಆ ದೇಶದ ಮಕ್ಕಳು ತಮ್ಮ ಧ್ವಜದ ಬದಲು ಸ್ಪರ್ಧೆಯ ಧ್ವಜದಡಿ ಕುಳಿತುಕೊಳ್ಳಬೇಕೆಂದು ನಿರ್ಣಯವಾಯಿತು. ಇಂಥ ಸಭೆಗಳಲ್ಲಿ ಮತ ಹಾಕುವವರು ಮಂತ್ರಿಗಳಲ್ಲ. ಮಕ್ಕಳನ್ನು ಕರೆತಂದ ತಂಡಗಳ ಮುಖಂಡರು, ಬಹುಮಟ್ಟಿಗೆ ಅಧ್ಯಾಪಕರು.

ಇದಕ್ಕೆ ಬೆಂಬಲ ಕೊಡುವವರ ವಾದವನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ಧ್ವಜವು ಸರಕಾರದ ಆಭರಣ, ಹುಡುಗನ ಸ್ವತ್ತಲ್ಲ. ಹುಡುಗನಿಗೆ ಕುರ್ಚಿಯೂ ಕಾಗದವೂ ಪದಕವೂ ದೊರೆತರೆ ಸಾಕು ಎನ್ನುತ್ತಾರೆ ಅವರು. ಗಾಜಾದಲ್ಲಿ ಶಾಲೆಗಳೂ ವಿಶ್ವವಿದ್ಯಾನಿಲಯಗಳೂ ಹಾಳುಬಿದ್ದು, ಅಲ್ಲಿಯ ಮಕ್ಕಳಿಗೆ ಸ್ಪರ್ಧೆಯಿರಲಿ, ಪಾಠವೇ ಇಲ್ಲವಾದಾಗ, ವಿದ್ವಾಂಸರು ಲೆಕ್ಕ ಮಾಡುತ್ತ ಮೌನವಾಗಿರುವುದು ಹೇಗೆಂದು ಕೇಳುತ್ತಾರೆ. ಈ ಪ್ರಶ್ನೆಯಲ್ಲಿ ನೋವಿದೆ, ನ್ಯಾಯವೂ ಇದೆ.

ವಿದ್ವಾಂಸರು ಬಾಯಿ ಮುಚ್ಚಿಕೊಂಡಿರಬೇಕೆಂದು ಹೇಳುವುದಕ್ಕೆ ಕಾಶಿಯ ಚರಿತ್ರೆಯೂ ಅವಕಾಶ ಕೊಡುವುದಿಲ್ಲ. ೧೯೧೬ರ ಫೆಬ್ರವರಿ ೪ರಂದು ವೈಸರಾಯ್ ಹಾರ್ಡಿಂಜರು ಅಲ್ಲಿ ಅಸ್ತಿಭಾರ ಶಿಲೆಯನ್ನಿಟ್ಟರು. ಎರಡೇ ದಿನಗಳ ಮೇಲೆ, ಅದೇ ಉತ್ಸವದ ಸಭೆಯಲ್ಲಿ ಗಾಂಧೀಜಿ ಮಾತನಾಡಲು ನಿಂತು, ಆಭರಣಗಳಿಂದ ಹೊಳೆಯುತ್ತಿದ್ದ ರಾಜರ ಮುಂದೆ ಬಡಭಾರತದ ಮಾತನ್ನೆತ್ತಿದರು. ಆನಿ ಬೆಸೆಂಟರು ನಿಲ್ಲಿಸಿರೆಂದರು, ವಿದ್ಯಾರ್ಥಿಗಳು ಮುಂದುವರಿಸಿರೆಂದರು, ಕೊನೆಗೆ ಸಭೆಯೇ ಮುರಿಯಿತು. ಹುಟ್ಟುವಾಗಲೇ ರಾಜಕೀಯದ ಗಾಳಿ ಸೋಕಿದ ವಿದ್ಯಾಪೀಠವದು.

ಆದರೆ ಅದರ ನಿಜವಾದ ಪರೀಕ್ಷೆ ನಡೆದದ್ದು ೧೯೪೨ರಲ್ಲಿ. ಆಗ ಉಪಕುಲಪತಿಗಳಾಗಿದ್ದವರು ಡಾ. ಸರ್ವೇಪಲ್ಲಿ ರಾಧಾಕೃಷ್ಣನ್; ಹಿಂದೆ ಮೈಸೂರಿನಲ್ಲಿ ಪಾಠ ಹೇಳಿ, ಶಿಷ್ಯರು ತಾವೇ ಎಳೆದ ಗಾಡಿಯಲ್ಲಿ ಬೀಳ್ಕೊಡಿಸಿಕೊಂಡವರು. ಭಾರತ ಬಿಟ್ಟು ತೊಲಗಿ ಚಳವಳಿಗೆ ವಿದ್ಯಾರ್ಥಿಗಳು ಧುಮುಕಿದರು. ಪ್ರಾಂತದ ಗವರ್ನರರಾದ ಸರ್ ಮಾರಿಸ್ ಹ್ಯಾಲೆಟರು ಸಿಟ್ಟಿಗೆದ್ದು ವಿಶ್ವವಿದ್ಯಾನಿಲಯವನ್ನೇ ಯುದ್ಧದ ಆಸ್ಪತ್ರೆಯನ್ನಾಗಿ ಮಾಡಲು ಹೊರಟರು. ರಾಧಾಕೃಷ್ಣನ್ ದಿಲ್ಲಿಗೆ ಧಾವಿಸಿ ವೈಸರಾಯರ ಮನವೊಲಿಸಿ ಅದನ್ನು ತಪ್ಪಿಸಿದರು. ಸರಕಾರದ ಧನಸಹಾಯ ನಿಂತಾಗ ಊರೂರು ತಿರುಗಿ ಚಂದಾ ಎತ್ತಿದರು. ಹಿರಿಯರು ಇಲ್ಲಿ ಬೆಲೆ ತೆತ್ತರು. ಕಿರಿಯರ ಬಾಗಿಲು ಮುಚ್ಚದಂತೆ ನೋಡಿಕೊಂಡರು. ಇದೇ ನಾವು ಹೇಳಬಯಸುವ ಕಾಶಿಯ ಪಾಠ.

ಇದಕ್ಕೆ ವಿರುದ್ಧವಾದ ಪಾಠವೂ ಚರಿತ್ರೆಯಲ್ಲಿದೆ. ೧೯೧೪ರಲ್ಲಿ ಜರ್ಮನಿಯ ೯೩ ಮಂದಿ ಗಣ್ಯರು ತಮ್ಮ ಸರಕಾರದ ಯುದ್ಧವನ್ನು ಸಮರ್ಥಿಸಿ ಒಂದು ಹೇಳಿಕೆಗೆ ರುಜು ಹಾಕಿದರು. ಯುದ್ಧ ಮುಗಿದ ಮೇಲೆ ಗೆದ್ದ ರಾಷ್ಟ್ರಗಳ ವಿದ್ವಾಂಸರು ಸೇಡು ತೀರಿಸಿಕೊಂಡರು. ೧೯೨೦ರ ಸ್ಟ್ರಾಸ್‌ಬರ್ಗ್, ೧೯೨೪ರ ಟೊರಾಂಟೊ ಗಣಿತ ಸಮ್ಮೇಳನಗಳಿಗೆ ಜರ್ಮನರಿಗೆ ಪ್ರವೇಶವಿರಲಿಲ್ಲ. ಆ ಹೇಳಿಕೆಗೆ ರುಜು ಹಾಕಲು ಒಪ್ಪದೆ ನಿಂತಿದ್ದ ಮಹಾಗಣಿತಜ್ಞ ಹಿಲ್ಬರ್ಟರಿಗೂ ಅದೇ ಗತಿ! ನಮ್ಮ ರಾಮಾನುಜನ್ನರನ್ನು ಬೆಳಕಿಗೆ ತಂದ ಇಂಗ್ಲೆಂಡಿನ ಹಾರ್ಡಿಯವರು ಈ ಬಹಿಷ್ಕಾರವನ್ನು ವಿರೋಧಿಸಿದರು. ಕೊನೆಗೆ ೧೯೨೮ರಲ್ಲಿ, ಇಟಲಿಯ ಬೊಲೋನಾದಲ್ಲಿ, ಜರ್ಮನರಿಗೆ ಬಾಗಿಲು ತೆರೆಯಿತು. ಹಿಲ್ಬರ್ಟರೇ ಅವರ ಮುಂದಾಳಾಗಿ ಬಂದರು. ಮುಚ್ಚಿದ ಬಾಗಿಲು ತಪ್ಪಿತಸ್ಥನನ್ನೂ ತಪ್ಪು ಮಾಡದವನನ್ನೂ ಬೇರ್ಪಡಿಸಲಾರದು.

ಭಾರತಕ್ಕೂ ಇದರ ಕಹಿ ತಿಳಿದಿದೆ. ೧೯೯೮ರ ಪೋಖರಣ್ ಪರೀಕ್ಷೆಗಳ ಬಳಿಕ, ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರೇಟ್ ಪಡೆದಿದ್ದ ಡಾ. ಆರ್. ಚಿದಂಬರಂ ಅವರಿಗೆ, ಸ್ಫಟಿಕಶಾಸ್ತ್ರದ ಅಂತಾರಾಷ್ಟ್ರೀಯ ಕೂಟಕ್ಕೆ ಹೋಗಲು ಅಮೆರಿಕವು ವೀಸಾ ನಿರಾಕರಿಸಿತು. ಅವರು ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದರು. ಪರೀಕ್ಷೆಯ ಹೊಣೆ ಅವರ ಮೇಲಿತ್ತೆಂದು ಯಾರಾದರೂ ವಾದಿಸಬಹುದು. ಹದಿನೇಳು ವರ್ಷದ ಹುಡುಗನ ಮೇಲೆ ಯಾವ ಹೊಣೆಯನ್ನು ಹೊರಿಸುವುದು?

ಬಹಿಷ್ಕಾರವೇ ಕೂಡದೆಂದು ನಾವು ಹೇಳುತ್ತಿಲ್ಲ. ೧೯೭೪ರಲ್ಲಿ ಡೇವಿಸ್ ಕಪ್ ಟೆನ್ನಿಸಿನ ಅಂತಿಮ ಪಂದ್ಯವನ್ನು ವರ್ಣದ್ವೇಷಿ ದಕ್ಷಿಣ ಆಫ್ರಿಕದೊಡನೆ ಆಡಲು ಭಾರತ ಒಪ್ಪಲಿಲ್ಲ, ಕಪ್ಪು ಕೈಬಿಟ್ಟುಹೋಯಿತು. ಆ ನಷ್ಟವನ್ನು ನಾವೇ ಹೊತ್ತೆವು. ಅದರಿಂದಲೇ ಆ ನಿರಾಕರಣೆಗೆ ತೂಕ ಬಂದಿತು.

ಹೊಟೇಲಿನ ಮಾತಿನಲ್ಲಿ ಹೇಳುವುದಾದರೆ, ಮಾಲೀಕನಿಗೂ ಕಟ್ಟಡದ ಯಜಮಾನನಿಗೂ ವ್ಯಾಜ್ಯವಿದ್ದರೆ ಅದು ಕೋರ್ಟಿನಲ್ಲಿ ತೀರಲಿ. ಹಸಿದು ಬಂದು ಮೇಜಿನ ಮುಂದೆ ಕುಳಿತವನ ಎಲೆಯನ್ನು ಎಳೆಯಬಾರದು. ವಿದ್ವಾಂಸರು ಲೇಖನ ಬರೆಯಲಿ, ಮೆರವಣಿಗೆ ಹೋಗಲಿ, ತಮಗೆ ಒಪ್ಪಿಗೆಯಾಗದ ಸರಕಾರದ ಸನ್ಮಾನವನ್ನು ತಿರಸ್ಕರಿಸಲಿ, ಬೇಕಾದರೆ ತಮ್ಮ ಹುದ್ದೆಯನ್ನೇ ಬಿಡಲಿ. ಯುದ್ಧದಿಂದ ಶಾಲೆ ಕಳೆದುಕೊಂಡ ಮಕ್ಕಳಿಗೆ ಪುಸ್ತಕ, ಗುರು, ಪ್ರಯಾಣದ ಹಣ ಒದಗಿಸಿ ಅವರನ್ನೂ ಸ್ಪರ್ಧೆಯ ಕೊಠಡಿಗೆ ಕರೆತರಲಿ. ಕುರ್ಚಿಗಳನ್ನು ಹೆಚ್ಚಿಸುವ ರಾಜಕೀಯವಿದು. ಇದಕ್ಕೆ ನಮ್ಮ ಪೂರ್ಣ ಸಮ್ಮತಿ.

ಹಗಲು ಲೋಟ ತೊಳೆದು ರಾತ್ರಿಶಾಲೆಯಲ್ಲಿ ಕುಳಿತು ಪರೀಕ್ಷೆ ಪಾಸು ಮಾಡಿದ ನೂರಾರು ಮಂದಿ ನಮ್ಮ ವಾಚಕರಲ್ಲಿದ್ದಾರೆ. ಹಾಲ್ ಟಿಕೆಟಿನ ಮೇಲೆ ತನ್ನ ಹೆಸರು, ತನ್ನ ಊರು ಅಚ್ಚಾದುದನ್ನು ಕಂಡಾಗ ಆಗುವ ಹಿಗ್ಗು ಎಂಥದೆಂದು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಊರಿನ ಹೆಸರನ್ನು ಅಳಿಸಿ, ಹುಡುಗನನ್ನು ಮಾತ್ರ ಒಳಗೆ ಬಿಟ್ಟಿದ್ದೇವಲ್ಲ ಎನ್ನುವವರು, ಅವನು ಪದಕದೊಡನೆ ಊರಿಗೆ ಕೊಂಡೊಯ್ಯುವ ನೋವು ಎಂಥದೆಂದು ಒಮ್ಮೆ ಅವನನ್ನೇ ಕೇಳಲಿ.