ಹೆಣ್ಣಿನೊಡನೆ ಮಾತಾಡಲು ಅಂಜುವ ತರುಣರು ಯಾರನ್ನು ಕೇಳಬೇಕು?



ಊರು ಬಿಟ್ಟು ಮುಂಬಯಿಗೆ ಬಂದು, ನಾಲ್ಕಾರು ಜನರ ಖೋಲಿಯಲ್ಲಿ ವಾಸಿಸುವ ತರುಣನಿಗೆ ಗಂಡಸರದೇ ಸಹವಾಸ. ಪಾಳಿ, ಖಾನಾವಳಿ, ನಿದ್ದೆ, ಇಷ್ಟರಲ್ಲಿಯೇ ವರ್ಷಗಳು ಉರುಳುತ್ತವೆ. ಇಂಥವನಿಗೆ ಮೆಚ್ಚಿದವಳ ಎದುರು ನಾಲಗೆ ಏಳದಿದ್ದರೆ ಅದು ದೋಷವಲ್ಲ, ರೂಢಿಯ ಕೊರತೆ. ಮದುವೆಯ ಮಾತು ಬಂದೀತೆಂದು ಹಬ್ಬಕ್ಕೂ ಊರಿಗೆ ಹೋಗದವರನ್ನು ನಾವು ಬಲ್ಲೆವು. ಇವರು ಸಲಹೆ ಕೇಳಬೇಕು, ಆದರೆ ಯಾರನ್ನು? ನಮ್ಮ ಒರೆಗಲ್ಲು ಒಂದೇ: ನಿಮ್ಮ ನಾಚಿಕೆಯನ್ನೇ ಬಂಡವಾಳ ಮಾಡಿಕೊಳ್ಳುವವನು ಸಲಹೆಗಾರನಲ್ಲ.

ಮೊದಲು ಮನೆಯ ಹೆಂಗಸರು. ‘ನೀನು ನೆಲ ನೋಡಿ ಮಾತಾಡುತ್ತೀ, ಅವಳ ವಿಚಾರ ಒಂದೂ ಕೇಳುವುದಿಲ್ಲ’ ಎಂದು ಮುಚ್ಚುಮರೆಯಿಲ್ಲದೆ ಹೇಳಬಲ್ಲವರು ಅಕ್ಕ, ಅತ್ತಿಗೆಯರೇ. ಸಿನಿಮಾ ನಾಯಕನನ್ನು ಗುರುವಾಗಿ ಹಿಡಿಯಬೇಡಿ. ಬೇಡವೆಂದವಳನ್ನು ಮತ್ತೆ ಮತ್ತೆ ಹಿಂಬಾಲಿಸುವುದು 2023ರ ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಿನಂತೆ ಅಪರಾಧ. ಮೊದಲ ಸಲಕ್ಕೇ 3 ವರ್ಷಗಳವರೆಗೆ ಸೆರೆವಾಸವಾಗಬಹುದು.

ಶರೀರದ ಬಗ್ಗೆ ಸಂಶಯವಿದ್ದರೆ ಸರಕಾರಿ ಆಸ್ಪತ್ರೆಯ ಡಾಕ್ಟರರನ್ನು ಕಾಣಿರಿ. ಹುಬ್ಬಳ್ಳಿಯಲ್ಲಿ ಹುಟ್ಟಿದ ಧನ್ವಂತಿ ರಾಮರಾವ್ ಅವರು 1949ರಲ್ಲಿ ಮುಂಬಯಿಯಲ್ಲಿ ಕಟ್ಟಿದ ಭಾರತೀಯ ಕುಟುಂಬ ಯೋಜನಾ ಸಂಘವೂ ಇಂಥ ವಿಷಯಗಳಲ್ಲಿ ತಿಳಿವಳಿಕೆ ನೀಡುತ್ತದೆ. ಓದಿ ತಿಳಿಯಬಯಸುವವರಿಗೆ ಡಾ. ಅನುಪಮಾ ನಿರಂಜನ ಅವರ ‘ದಾಂಪತ್ಯ ದೀಪಿಕೆ’ ಇದೆ. ಗೋಡೆಯ ಮೇಲೆ ‘ಗುಪ್ತರೋಗ’, ‘ಶಕ್ತಿವರ್ಧಕ’ ಎಂದು ಬರೆಯಿಸುವವರ ಬಾಗಿಲಿಗೆ ಹೋಗಬೇಡಿ. ಗಂಡಸುತನ ಹೆಚ್ಚಿಸುವ ಔಷಧಿಯ ಜಾಹೀರಾತನ್ನು 1954ರ ಕಾಯಿದೆಯೇ ನಿಷೇಧಿಸಿದೆ.

ಬೇಸರ ಹೆಚ್ಚಿ ನಿದ್ದೆ ಕೆಟ್ಟರೆ, ಜೀವ ಬೇಡವೆನಿಸಿದರೆ, ಒಬ್ಬರೇ ನುಂಗಿಕೊಂಡು ಕೂಡ್ರಬೇಡಿ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416ಕ್ಕೆ ಫೋನು ಮಾಡಿರಿ. ಹಗಲು ರಾತ್ರಿ ಸಿಗುತ್ತದೆ, ಖರ್ಚಿಲ್ಲ, ಕನ್ನಡದಲ್ಲಿಯೂ ಮಾತಾಡಬಹುದು. ರಾತ್ರಿಪಾಳಿಯವರಿಗೂ ಇದು ಅನುಕೂಲ.

ಕೊನೆಯದಾಗಿ ಹಣದ ಮಾತು. ಫೋನಿನಲ್ಲಿ ಪರಿಚಯವಾದವಳು, ಮುಖಾಮುಖಿ ಕಾಣುವ ಮೊದಲೇ ತಾಯಿಯ ಕಾಯಿಲೆ ಎಂದೋ ಪ್ರಯಾಣದ ಖರ್ಚೆಂದೋ ಹಣ ಕೇಳಿದರೆ ಅಲ್ಲಿಗೇ ನಿಲ್ಲಿಸಿರಿ. ಕಳಿಸಿ ಮೋಸಹೋಗಿದ್ದರೆ ಕೂಡಲೇ 1930ಕ್ಕೆ ದೂರು ಕೊಡಿರಿ. ತಡವಾದಷ್ಟೂ ಹಣ ಕೈತಪ್ಪುತ್ತದೆ. ನಾಚಿಕೆಯಿಂದ ಸುಮ್ಮನಿರುವವರಿಂದಲೇ ಮೋಸಗಾರರು ಬದುಕುತ್ತಾರೆ.

ದಾರಿ ತಿಳಿಯದವನು ಊರವರನ್ನು ಕೇಳುತ್ತಾನೆ. ಅದರಲ್ಲಿ ಯಾರೂ ಕೀಳುತನ ಕಾಣುವುದಿಲ್ಲ. ಇದೂ ಹಾಗೆಯೇ. ಮುಂದಿನ ರಜೆಗೆ ಊರಿಗೆ ಹೋಗಿರಿ, ಅಕ್ಕನೊಡನೆ ಕುಳಿತು ಮಾತಾಡಿರಿ.