ಕಾಯಕದ ನೆಲೆಯಲ್ಲಿ ಅರಳುವ ಒಲವು

ಮನೆಯ ಹೆಣ್ಣುಮಕ್ಕಳ ಕೈಯಲ್ಲಿ ಪ್ರೇಮ ಕಾದಂಬರಿಯನ್ನು ಕಂಡೊಡನೆ ಹುಬ್ಬು ಗಂಟಿಕ್ಕುವ ಹಿರಿಯರು ನಮ್ಮಲ್ಲಿ ಕಡಿಮೆಯೇನಿಲ್ಲ. ಆದರೆ ಒಂದೇ ಕಚೇರಿಯಲ್ಲಿ ಪ್ರತಿಸ್ಪರ್ಧಿಗಳಾಗಿದ್ದ ಇಬ್ಬರು ಕ್ರಮೇಣ ಪರಸ್ಪರ ಅರಿತು ಒಲಿಯುವ ಕಥೆ, ಅದರಲ್ಲಿಯೂ ನಾಯಕಿಯು ಮಗುವನ್ನು ಒಬ್ಬಳೇ ಸಾಕುತ್ತಿರುವ ತಾಯಿಯಾಗಿದ್ದರೆ, ಕೇವಲ ಕಾಲಹರಣದ ವಸ್ತುವಲ್ಲ. ಅದು ನಮ್ಮ ಮನೆಗಳ ಪ್ರಶ್ನೆಯೂ ಹೌದು.

ಇಂತಹ ಕಥೆಗಳಿಗೆ ಇಂಗ್ಲಿಷ್ ಸಾಹಿತ್ಯದಲ್ಲಿ ಹಳೆಯ ಬೇರುಗಳಿವೆ. ಎಲಿಜಬೆತ್ ಗ್ಯಾಸ್ಕೆಲ್ ಅವರ ‘ನಾರ್ತ್ ಅಂಡ್ ಸೌತ್’ 1854-55ರಲ್ಲಿ ಚಾರ್ಲ್ಸ್ ಡಿಕನ್ಸರ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತು. ಹತ್ತಿ ಗಿರಣಿಯ ಒಡೆಯ ಥಾರ್ನ್‌ಟನ್, ಕಾರ್ಮಿಕರ ಪರ ವಾದಿಸುವ ಮಾರ್ಗರೆಟ್ ಹೇಲ್ ಅಲ್ಲಿ ಮೊದಲು ಎದುರಾಳಿಗಳು. ವಾದದಿಂದ ಗೌರವ, ಗೌರವದಿಂದ ಒಲವು ಹುಟ್ಟುತ್ತದೆ.

ಅದಕ್ಕೂ ಮುನ್ನ, 1848ರಲ್ಲಿ, ಆ್ಯನ್ ಬ್ರಾಂಟೆಯವರ ‘ದಿ ಟೆನಂಟ್ ಆಫ್ ವೈಲ್ಡ್‌ಫೆಲ್ ಹಾಲ್’ ಪ್ರಕಟವಾಯಿತು. ಕುಡುಕ ಪತಿಯ ದುರ್ನಡತೆಯಿಂದ ಪುಟ್ಟ ಮಗನನ್ನು ಕಾಪಾಡಲು ಹೆಲೆನ್ ಮನೆ ತೊರೆದು, ಚಿತ್ರ ಬರೆದು ಮಾರಿ ಜೀವಿಸುತ್ತಾಳೆ. ಊರಿನವರ ಚಾಡಿಮಾತು ಅವಳನ್ನು ಸುಡುತ್ತದೆ. ಆಗಿನ ಇಂಗ್ಲೆಂಡಿನ ಕಾನೂನಿನಲ್ಲಿ ವಿವಾಹಿತೆಯ ಗಳಿಕೆಯೂ ಪತಿಯದೇ. ಆಕೆಯ ದುಡಿಮೆಯ ಹಣ ಆಕೆಯದೆಂದು ಶಾಸನ ಒಪ್ಪಿದ್ದು 1870ರಲ್ಲಿ.

ಇಂತಹ ಕಾದಂಬರಿಗಳನ್ನು ತೂಗಿ ನೋಡುವ ಒರೆಗಲ್ಲು ಮಗು. ನಾಯಕಿಯನ್ನು ಒಲಿಯುವವನು ಆಕೆಯ ಮಗುವನ್ನೂ ತನ್ನದೆಂದು ಕಾಣುವನೇ? ಆಕೆಯ ಉದ್ಯೋಗದ ಏಳಿಗೆಯನ್ನು ಸಹಿಸುವನೇ? ಅಧಿಕಾರ ತೋರಿಸಿ ಒತ್ತಾಯಿಸಿದರೆ ಅದು ಪ್ರೇಮವಲ್ಲ, ಕಿರುಕುಳ. 10 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ದೂರು ಸಮಿತಿ ಇರಲೇಬೇಕೆಂದು ನಮ್ಮ ದೇಶದ 2013ರ ಕಾಯಿದೆ ವಿಧಿಸಿದೆ.

ದುಡಿಮೆಯಲ್ಲಿ ಸರಿಸಾಟಿಯಾದ ದಾಂಪತ್ಯ ನಮಗೆ ಹೊಸತಲ್ಲ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಯ್ದಕ್ಕಿ ಮಾರಯ್ಯನ ಕಾಯಕ. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಅದನ್ನು ಮರಳಿ ಸುರಿದು ಬರುವಂತೆ ಹೇಳಿದವಳು ಲಕ್ಕಮ್ಮ. ತಿದ್ದುವ ಸ್ವಾತಂತ್ರ್ಯ, ತಿದ್ದಿಕೊಳ್ಳುವ ವಿನಯ ಎರಡೂ ಆ ಮನೆಯಲ್ಲಿದ್ದವು. ಮರುವಿವಾಹವೂ ನಮಗೆ ಅಪರಿಚಿತವಲ್ಲ. ಉತ್ತರ ಕರ್ನಾಟಕದಲ್ಲಿ ‘ಉಡಿಕೆ’ ಎಂಬ ಹೆಸರಿನಲ್ಲಿ ಆ ರೂಢಿ ಹಿಂದಿನಿಂದಲೂ ಇತ್ತು.

ಹೀಗಿದ್ದೂ ಮಗುವಿನೊಡನೆ ತವರಿಗೆ ಮರಳಿದ ಮಗಳು ನೌಕರಿ ಮಾಡಿ ಮನೆಗೆ ಆಸರೆಯಾದಾಗ ಹೆಮ್ಮೆಪಡುವ ನಾವು, ಸಹೋದ್ಯೋಗಿಯೊಬ್ಬನನ್ನು ವರಿಸುವೆನೆಂದಾಗ ‘ಜನ ಏನೆಂದಾರು?’ ಎನ್ನುತ್ತೇವೆ. ಮರುವಿವಾಹವಾದ ತಾಯಿಯು ಮಗುವಿಗೆ ತನ್ನ ಹೊಸ ಕುಟುಂಬದ ಹೆಸರನ್ನು ಇಡಬಹುದೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ತೀರ್ಪಿತ್ತಿದೆ. ನ್ಯಾಯಾಲಯ ಹೆಸರನ್ನು ಕೊಡಿಸೀತು, ಅಜ್ಜ-ಅಜ್ಜಿಯರ ಮಡಿಲನ್ನು ಕೊಡಿಸಲಾರದು.

ಆದ್ದರಿಂದ ಹಿರಿಯರು ಮೊದಲು ವರನ ಗುಣವನ್ನು, ಮಗುವಿನೊಡನೆ ಅವನ ನಡೆಯನ್ನು ನಿಧಾನವಾಗಿ ನೋಡಲಿ. ಮಗುವಿನ ಮನಸ್ಸನ್ನೂ ಕೇಳಲಿ. ಮನ ಒಪ್ಪಿದರೆ ಇಷ್ಟಲಿಂಗ ಸಾಕ್ಷಿಯಾಗಿ, ಮನೆಯ ಅಂಗಳದಲ್ಲಿಯೇ ಹರಸಲಿ. ಮಗಳು ಕದ್ದು ಓದುವ ಕಥೆಯ ಸುಖಾಂತ್ಯ ಅವಳ ಬಾಳಿಗೂ ದೊರೆಯುವುದು ಬಹುಮಟ್ಟಿಗೆ ಹೆತ್ತವರ ಕೈಯಲ್ಲಿಯೇ ಇದೆ.