ಬೀಳಗಿಯ ಕೊರಳು, ಬೆಲ್‌ಗ್ರೇಡಿನ ತಟ್ಟೆ

1943ರ ಆರಂಭದಲ್ಲಿ ಬಾಂಬೆ ಟಾಕೀಸಿನ ‘ಕಿಸ್ಮತ್’ ತೆರೆಗೆ ಬಂದಾಗ ಗಾಂಧೀಜಿ ಪುಣೆಯ ಆಗಾಖಾನ್ ಅರಮನೆಯಲ್ಲಿ ಸೆರೆಯಾಗಿದ್ದರು, ನೆಹರೂ ಅಹಮದ್‌ನಗರದ ಕೋಟೆಯಲ್ಲಿದ್ದರು. ಪತ್ರಿಕೆಯವರು ಒಂದೊಂದು ಸಾಲನ್ನೂ ಹೆದರಿ ಹೆದರಿ ಅಚ್ಚು ಹಾಕುತ್ತಿದ್ದ ಕಾಲ. ಅಂಥ ಹೊತ್ತಿನಲ್ಲಿ ಪರಕೀಯರನ್ನು ದೇಶದಿಂದಾಚೆ ಅಟ್ಟುವ ಹಾಡೊಂದು ಸೆನ್ಸಾರಿನವರ ಮೂಗಿನ ಕೆಳಗಿಂದಲೇ ಪಾಸಾಗಿ ಹೋಯಿತು. ‘ದೂರ್ ಹಟೋ’ ಅಂದರೆ ಈಗಲೂ ನಮ್ಮ ಕಡೆಯ ಹಿರಿಯರಿಗೆ ಆ ಹಾಡೇ ನೆನಪಿಗೆ ಬರುತ್ತದೆ.

ಪಾಸಾಗಿದ್ದು ಹೇಗೆಂದರೆ, ಬರೆದ ಕವಿ ಪ್ರದೀಪ್ ಪಕ್ಕಾ ಆಸಾಮಿ. ಎಚ್ಚರಿಕೆ ಕೊಡುವ ಜಾಗದಲ್ಲಿ ಜರ್ಮನಿ ಮತ್ತು ಜಪಾನಿನ ಹೆಸರು ಸೇರಿಸಿದ್ದರು. ಯುದ್ಧದಲ್ಲಿ ಬ್ರಿಟಿಷರ ಶತ್ರುಗಳೂ ಅವರೇ ತಾನೆ! ಸೆನ್ಸಾರಿನ ಅಧಿಕಾರಿ ಇದು ಯುದ್ಧಪ್ರಚಾರಕ್ಕೆ ಒಳ್ಳೆಯದೇ ಆಯಿತು ಎಂದುಕೊಂಡಿರಬೇಕು. ಥಿಯೇಟರಿನಲ್ಲಿ ಕುಳಿತ ಜನಕ್ಕೆ ಮಾತ್ರ ಯಾರನ್ನು ಅಟ್ಟಬೇಕು ಎಂಬುದರಲ್ಲಿ ಎಳ್ಳಷ್ಟೂ ಅನುಮಾನ ಇರಲಿಲ್ಲ. ಹಾಡು ಮುಗಿದೊಡನೆ ಕೂಗೆದ್ದು, ರೀಲನ್ನು ಹಿಂದಕ್ಕೆ ಸುತ್ತಿಸಿ ಇನ್ನೊಮ್ಮೆ ಹಾಕಿಸುತ್ತಿದ್ದರಂತೆ. ಸರ್ಕಾರಕ್ಕೆ ಒಳಗುಟ್ಟು ತಿಳಿಯುವ ಹೊತ್ತಿಗೆ ಹಾಡು ಊರೂರು ಸುತ್ತಿ ಆಗಿತ್ತು. ಪ್ರದೀಪ್ ಬಂಧನ ತಪ್ಪಿಸಿಕೊಳ್ಳಲು ಕೆಲಕಾಲ ತಲೆಮರೆಸಿಕೊಳ್ಳಬೇಕಾಯಿತು. ಕಲ್ಕತ್ತೆಯ ರಾಕ್ಸಿ ಥಿಯೇಟರ್ ಒಂದರಲ್ಲೇ ‘ಕಿಸ್ಮತ್’ ಮೂರು ವರ್ಷಕ್ಕೂ ಹೆಚ್ಚು ಓಡಿತು. ಅದೇ ಕಲ್ಕತ್ತೆಯ ಬೀದಿಗಳಲ್ಲಿ ಅದೇ 1943ರಲ್ಲಿ ಬಂಗಾಳದ ಬರಗಾಲಕ್ಕೆ ಸಿಕ್ಕವರು ಗಂಜಿಗಾಗಿ ಕೈಯೊಡ್ಡಿ ಸಾಯುತ್ತಿದ್ದರು. ಚಿತ್ರದ ಯಶಸ್ಸಿನ ಕಥೆ ಹೇಳುವವರು ಈ ಮಾತನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ನಾನು ಇಷ್ಟು ಹಿಗ್ಗಿನಿಂದ ಈ ಹಾಡಿನ ಸುದ್ದಿ ಎತ್ತಲು ಬೇರೊಂದು ಕಾರಣವಿದೆ. ಅನಿಲ್ ಬಿಸ್ವಾಸ್ ಅವರ ಆ ರಾಗಕ್ಕೆ ಖಾನ್ ಮಸ್ತಾನಾ ಜೊತೆ ದನಿ ಕೊಟ್ಟವಳು ಬೀಳಗಿಯ ಹೆಣ್ಣುಮಗಳು, ಅಮೀರ್‌ಬಾಯಿ ಕರ್ನಾಟಕಿ. ನಾನು ಬಾಗಲಕೋಟೆ ಕಡೆಯವನು. ಹಳೆಯ ಗ್ರಾಮಫೋನ್ ರಿಪೇರಿ ಮಾಡುವುದು, ತಟ್ಟೆ ಕೂಡಿಡುವುದು ನನಗೆ ಹತ್ತಿದ ಚಟ. ನಮ್ಮ ಸೀಮೆಯವರು ಮುಂಬೈ ಅಂದರೆ ಗೌಂಡಿ ಕೆಲಸಕ್ಕೆ ಹೋಗುವ ಊರು ಅಂತ ತಿಳಿದವರು. ಅಂಥಲ್ಲಿ ಕಂಪನಿ ನಾಟಕದ ಹಿನ್ನೆಲೆಯಿಂದ ಹೋದ ಅಕ್ಕತಂಗಿಯರಿಬ್ಬರು ಹೆಸರಿನ ಮುಂದೆ ‘ಕರ್ನಾಟಕಿ’ ಅಂಟಿಸಿಕೊಂಡೇ ಮೆರೆದರು. ಗೋಹರ್‌ಬಾಯಿ ಬಾಲಗಂಧರ್ವರ ರಂಗಭೂಮಿ ಸೇರಿದರು, ಅಮೀರ್‌ಬಾಯಿ ಸಿನಿಮಾಕ್ಕೆ ಹಾಡಿದರು. ಕರ್ನಾಟಕ ಎಂಬ ರಾಜ್ಯವೇ ಇನ್ನೂ ಹುಟ್ಟಿರದ ದಿನಗಳವು. ರಹಮತ್ ತರೀಕೆರೆಯವರು ಆಕೆಯ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದಾರೆ, ಸಿಕ್ಕರೆ ಓದಿ.

ಆ ಕಾಲದ ತಟ್ಟೆಗಳನ್ನು ವರ್ಷಾನುಗಟ್ಟಲೆ ತಿರುಗಿಸಿ ತಿರುಗಿಸಿ ನನಗೆ ಹೊಳೆದದ್ದು ಇಷ್ಟು: ಯುದ್ಧ ನಡೆಸುವವರು ಯಾವ ಹಾಡು ಬೇಕೆಂದು ಬಯಸುತ್ತಾರೋ ಅದು ಬಹುಮಟ್ಟಿಗೆ ಹಿಟ್ ಆಗುವುದಿಲ್ಲ. ಹಿಟ್ ಆದ ಹಾಡನ್ನು ಜನ ಅವರು ಬಯಸಿದಂತೆ ಕೇಳುವುದೂ ಇಲ್ಲ. ‘ಕಿಸ್ಮತ್’ ಒಂದು ಸಾಕ್ಷಿ. ಇನ್ನೊಂದಕ್ಕೆ ಬೆಲ್‌ಗ್ರೇಡಿಗೆ ಹೋಗಬೇಕು.

1941ರ ಏಪ್ರಿಲ್‌ನಲ್ಲಿ ಜರ್ಮನ್ ಸೈನ್ಯ ಯುಗೊಸ್ಲಾವಿಯಾದ ಆ ರಾಜಧಾನಿಯನ್ನು ಹಿಡಿದು, ಅಲ್ಲಿನ ರೇಡಿಯೋ ಕೇಂದ್ರವನ್ನು ತನ್ನ ಸೈನಿಕರಿಗಾಗಿ ನಡೆಸಲು ಶುರುಮಾಡಿತು. ಕೇಂದ್ರವೇನೋ ಸಿಕ್ಕಿತು, ನುಡಿಸಲು ತಟ್ಟೆಗಳಿರಲಿಲ್ಲ. ವಿಯೆನ್ನಾಗೆ ಆಳು ಕಳಿಸಿ ತರಿಸಿದ ರೆಕಾರ್ಡುಗಳ ನಡುವೆ ಯಾರಿಗೂ ಬೇಡವಾಗಿ ಮೂಲೆಗೆ ಬಿದ್ದಿದ್ದ ಒಂದು ತಟ್ಟೆಯೂ ಇತ್ತು. ಲಾಲೆ ಆಂಡರ್ಸನ್ ಎಂಬಾಕೆ 1939ರಲ್ಲಿ ಹಾಡಿದ ‘ಲಿಲಿ ಮರ್ಲೀನ್’. ಹಾನ್ಸ್ ಲೈಪ್ ಎಂಬ ಕವಿ ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ರಷ್ಯದ ರಣರಂಗಕ್ಕೆ ಹೊರಡುವ ಮುನ್ನ ಬರ್ಲಿನ್‌ನಲ್ಲಿ ಕಾವಲು ನಿಂತಾಗ ಬರೆದ ಪದ್ಯ ಅದು. ನಾರ್ಬರ್ಟ್ ಶುಲ್ಟ್ಸೆ ರಾಗ ಹಾಕಿದ್ದು 1938ರಲ್ಲಿ. ಬಿಡುಗಡೆಯಾದಾಗ ಕೇಳಿದವರೇ ಇಲ್ಲ. ಇದೇ ಶುಲ್ಟ್ಸೆ ಇಂಗ್ಲೆಂಡಿನ ಮೇಲೆ ಬಾಂಬು ಸುರಿಸುವ ಕುರಿತ ಗೀತೆಗೂ ರಾಗ ಹಾಕಿದ್ದ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಅದು ನಾಜಿ ಸರ್ಕಾರ ಬಯಸಿದ ಬಗೆಯ ಹಾಡು. ಈಗ ಅದನ್ನು ಇತಿಹಾಸ ಓದುವವರು ಬಿಟ್ಟರೆ ಯಾರು ಕೇಳುತ್ತಾರೆ?

ಬೆಲ್‌ಗ್ರೇಡ್ ರೇಡಿಯೋ ರಾತ್ರಿ ಹತ್ತಕ್ಕೆ ಸ್ವಲ್ಪ ಮುಂಚೆ ಈ ತಟ್ಟೆ ಹಾಕತೊಡಗಿತು. ಮೊದಲು ಬ್ಯಾರಕ್ಕಿಗೆ ಮರಳಲು ಕರೆಯುವ ಕಹಳೆಯ ಸದ್ದು, ಆಮೇಲೆ ಆಕೆಯ ತುಸು ಗಡಸಾದ ದನಿ. ಗೇಟಿನ ಬಳಿ ದೀಪದ ಕಂಬ, ಅದರಡಿ ಬೀಳ್ಕೊಟ್ಟ ಹುಡುಗಿ, ತಾನು ಮರಳದಿದ್ದರೆ ಅಲ್ಲಿ ಯಾರು ನಿಲ್ಲುತ್ತಾರೋ ಎಂಬ ಕಳವಳ. ಶತ್ರುವಿನ ಸುದ್ದಿಯಿಲ್ಲ, ವಿಜಯದ ಸುದ್ದಿಯಿಲ್ಲ. ಕೇಂದ್ರದವರು ನಡುವೆ ಒಮ್ಮೆ ಹಾಡನ್ನು ನಿಲ್ಲಿಸಿದಾಗ ರಣರಂಗದಿಂದ ಪತ್ರಗಳ ಮಳೆ ಸುರಿದು, ಮತ್ತೆ ಹಾಕಲೇಬೇಕಾಯಿತು.

ಆ ಕೇಂದ್ರದ ಅಲೆ ಮೆಡಿಟರೇನಿಯನ್ ದಾಟಿ ಉತ್ತರ ಆಫ್ರಿಕಾದ ಮರಳುಗಾಡಿಗೂ ತಲುಪುತ್ತಿತ್ತು. ಅಲ್ಲಿ ಜರ್ಮನ್ ಸೇನಾಪತಿ ರೊಮ್ಮೆಲ್‌ನ ಎದುರಿಗಿದ್ದ ಬ್ರಿಟಿಷ್ 8ನೇ ಸೈನ್ಯದವರೂ ಅದೇ ಹೊತ್ತಿಗೆ ಅದೇ ಕೇಂದ್ರ ಹಿಡಿಯತೊಡಗಿದರು. ಆ ಸೈನ್ಯದಲ್ಲಿ ನಮ್ಮ 4ನೇ ಇಂಡಿಯನ್ ಡಿವಿಷನ್ ಕೂಡ ಇತ್ತು. ಭಾಷೆ ತಿಳಿಯದಿದ್ದರೇನು, ಹಗಲು ಗುಂಡು ಹಾರಿಸಿದ ಎರಡೂ ಕಡೆಯವರು ರಾತ್ರಿ ಒಂದೇ ಹಾಡಿಗೆ ಕಿವಿಗೊಡುತ್ತಿದ್ದರು.

ಹಿಟ್ಲರನ ಪ್ರಚಾರ ಮಂತ್ರಿ ಗೊಬೆಲ್ಸ್‌ಗೆ ಈ ಹಾಡನ್ನು ಕಂಡರೆ ಆಗುತ್ತಿರಲಿಲ್ಲ. ಸೈನಿಕರ ಎದೆ ಮೆತ್ತಗಾಗುತ್ತದೆಂಬ ಸಿಟ್ಟು. 1942ರಲ್ಲಿ, ಲಾಲೆ ಆಂಡರ್ಸನ್‌ಗೆ ಜೂರಿಕ್‌ನಲ್ಲಿದ್ದ ಯಹೂದಿ ಗೆಳೆಯರೊಡನೆ ಪತ್ರವ್ಯವಹಾರ ಇದೆ ಎಂಬ ನೆಪ ಸಿಕ್ಕಿ, ಆಕೆ ಹಾಡುವುದನ್ನೇ ನಿಷೇಧಿಸಿದರು. ಮುಂದೆ ವೇದಿಕೆಗೆ ಮರಳಲು ಬಿಟ್ಟಾಗಲೂ ಒಂದು ಷರತ್ತು: ಈ ಹಾಡೊಂದನ್ನು ಮಾತ್ರ ಹಾಡಕೂಡದು. ಅತ್ತ ಬ್ರಿಟಿಷರಿಗೆ ಬೇರೆ ತಲೆನೋವು. ತಮ್ಮ ಹುಡುಗರು ಶತ್ರುವಿನ ಭಾಷೆಯಲ್ಲಿ ಗುನುಗುತ್ತಿದ್ದಾರಲ್ಲ! ಬಿಡಿಸಲಾರದೆ ಕೊನೆಗೆ 1944ರಲ್ಲಿ ಇಂಗ್ಲಿಷ್ ಸಾಹಿತ್ಯವನ್ನೇ ಬರೆಸಿ ಆನ್ ಶೆಲ್ಟನ್ ಕೈಲಿ ಹಾಡಿಸಿದರು. ಹಿಟ್ಲರನನ್ನು ಧಿಕ್ಕರಿಸಿ ಅಮೆರಿಕದ ಪ್ರಜೆಯಾಗಿದ್ದ ಜರ್ಮನ್ ತಾರೆ ಮಾರ್ಲೆನ್ ಡೀಟ್ರಿಚ್, ಅಮೆರಿಕದ ಗುಪ್ತಚರ ಇಲಾಖೆಯ ಪ್ರಚಾರಕ್ಕಾಗಿ ಅದೇ ಹಾಡನ್ನು ಜರ್ಮನ್ ಸೈನಿಕರತ್ತ ಹಾಡಿದಳು. ಹಿಟ್ಲರನ ಸೈನ್ಯದ ರೇಡಿಯೋ ಹಬ್ಬಿಸಿದ ಹಾಡು ಹಿಟ್ಲರನ ವಿರುದ್ಧವೇ ಬಳಕೆಯಾಯಿತು.

ಲಂಡನ್ನಿನಲ್ಲಿ ಬಿಬಿಸಿಯವರದ್ದೂ ಗೊಬೆಲ್ಸ್‌ನ ಅನುಮಾನವೇ ಆಗಿತ್ತೆಂದು ಹೇಳಿದರೆ ಬ್ರಿಟಿಷರಿಗೆ ಬೇಸರವಾದೀತು, ಆದರೆ ಖರೆ ಮಾತು. ವೆರಾ ಲಿನ್ 1941ರ ನವೆಂಬರಿನಿಂದ ಭಾನುವಾರ ರಾತ್ರಿ ರೇಡಿಯೋದಲ್ಲಿ ಸೈನಿಕರಿಗೆ ಪತ್ರ ಬರೆದಂತೆ ಮಾತಾಡುತ್ತ ಹಾಡುತ್ತಿದ್ದಳು. ಹೆರಿಗೆ ಆಸ್ಪತ್ರೆಗೆ ಹೋಗಿ ಬಾಣಂತಿಯನ್ನು ಕಂಡು, ದೂರದ ರಣರಂಗದಲ್ಲಿರುವ ಗಂಡನಿಗೆ ಮಗು ಹುಟ್ಟಿದ ಸುದ್ದಿ ತಲುಪಿಸುತ್ತಿದ್ದಳು. ನಿವೃತ್ತ ಅಧಿಕಾರಿಗಳು, ಕೆಲವು ಸಂಸದರು ಇದು ಸೈನಿಕರನ್ನು ಅಳುಬುರುಕರನ್ನಾಗಿ ಮಾಡುತ್ತದೆ ಎಂದು ದೂರಿದರು. 1942ರಲ್ಲಿ ಬಿಬಿಸಿ ಅತಿಭಾವುಕ ಹಾಡುಗಳಿಗೂ ಅಂಥ ಧಾಟಿಯ ಗಾಯಕರಿಗೂ ಕಡಿವಾಣವನ್ನೇ ಹಾಕಿತು. ಸೈನಿಕರು ಕೇಳಬೇಕಲ್ಲ? ಆಕೆಯ 1939ರ ‘ವೀ ವಿಲ್ ಮೀಟ್ ಅಗೇನ್’ ಯುದ್ಧ ಮುಗಿಯುವ ತನಕ ಮಾಸಲಿಲ್ಲ. ಇವತ್ತು ಎಲ್ಲೆಡೆ ಕೇಳಿಸುವುದು 1953ರಲ್ಲಿ ಸೈನಿಕರ ಮೇಳದೊಂದಿಗೆ ಮತ್ತೆ ಹಾಡಿದ್ದು. ಯುದ್ಧಕಾಲದ ಮೂಲ ತಟ್ಟೆಯಲ್ಲಿ ಹಿನ್ನೆಲೆಗೆ ಇರುವುದು ನೋವಾಕಾರ್ಡ್ ಎಂಬ ಆ ಕಾಲದ ಎಲೆಕ್ಟ್ರಾನಿಕ್ ವಾದ್ಯ, ಅಷ್ಟೇ. ನನಗೆ ಅದೇ ಹಿಡಿಸುತ್ತದೆ. ಕೋಣೆಯಲ್ಲಿ ಒಬ್ಬಳೇ ಕೂತು ಹಾಡಿದಂತಿದೆ. 1944ರಲ್ಲಿ ಆಕೆ ನಮ್ಮ ದೇಶದ ಮೂಲಕವೇ ಬರ್ಮಾ ಗಡಿಗೆ ಹೋಗಿ, ಸೆಕೆಯಲ್ಲಿ ಶ್ರುತಿ ತಪ್ಪಿದ ಪಿಯಾನೋ ಜೊತೆ 14ನೇ ಸೈನ್ಯದ ಎದುರು ಹಾಡಿದಳು. ಆ ಸೈನ್ಯದಲ್ಲಿ ಹೆಚ್ಚಿನವರು ಭಾರತೀಯರೇ.

ಅಮೆರಿಕದ ಕಥೆ ಬೇಗ ಮುಗಿಸುತ್ತೇನೆ. ಪರ್ಲ್ ಹಾರ್ಬರ್ ದಾಳಿಯ ಬೆನ್ನಿಗೇ ಅಲ್ಲಿ ವೀರಾವೇಶದ ಹಾಡುಗಳು ಅಣಬೆಯಂತೆ ಎದ್ದವು. ಫ್ರಾಂಕ್ ಲೆಸ್ಸರ್‌ನದು ಒಂದೆರಡು ಗೆದ್ದದ್ದೂ ಉಂಟು. ಆದರೆ 1942ರಲ್ಲಿ ಎಲ್ಲವನ್ನೂ ಹಿಂದೆ ಹಾಕಿದ್ದು ಅರ್ವಿಂಗ್ ಬರ್ಲಿನ್ ಬರೆದು ಬಿಂಗ್ ಕ್ರಾಸ್ಬಿ ಹಾಡಿದ ‘ವೈಟ್ ಕ್ರಿಸ್‌ಮಸ್’. ಅದರಲ್ಲಿ ಯುದ್ಧದ ಹೆಸರೇ ಇಲ್ಲ. ಪೆಸಿಫಿಕ್ ದ್ವೀಪಗಳ ಬೆವರಿನಲ್ಲಿ ಕೂತ ಹುಡುಗರು ಹಿಮದ ಹಾಡು ಬೇಕೆಂದು ಸೈನಿಕರ ರೇಡಿಯೋಗೆ ಬರೆದು ಬರೆದು ಕೇಳಿದರು.

ನನ್ನ ಮಾತಿಗೆ ಅಡ್ಡ ನಿಲ್ಲುವ ದೇಶವೂ ಒಂದಿದೆ, ರಷ್ಯ. 1941ರ ಜೂನ್ 22ರಂದು ಜರ್ಮನ್ ದಾಳಿಯಾಯಿತು. ಎರಡೇ ದಿನಕ್ಕೆ ‘ಪವಿತ್ರ ಯುದ್ಧ’ ಎಂಬ ಕವಿತೆ ಪತ್ರಿಕೆಯಲ್ಲಿ ಬಂತು. ಅಲೆಕ್ಸಾಂಡ್ರೋವ್ ರಾಗ ಹಾಕಿ, ಆ ವಾರವೇ ಮಾಸ್ಕೋದ ಬೆಲರೂಸ್ಕಿ ರೈಲು ನಿಲ್ದಾಣದಲ್ಲಿ ರಣರಂಗಕ್ಕೆ ಹೊರಟವರ ಮುಂದೆ ಹಾಡಿಸಿದ. ಅದು ಅಪ್ಪಟ ಯುದ್ಧಗೀತೆ, ಜನ ಮನಸಾರೆ ಹಾಡಿದ ಗೀತೆಯೂ ಹೌದು. ಶತ್ರು ಸ್ವಂತ ಹೊಸ್ತಿಲು ತುಳಿದಾಗ ಸರ್ಕಾರಕ್ಕೆ ಬೇಕಾದ ಹಾಡೂ ಜನಕ್ಕೆ ಬೇಕಾದ ಹಾಡೂ ಒಂದೇ ಆಗುತ್ತವೇನೋ. ಆದರೂ ಅದೇ ಜನ 1938ರ ‘ಕತ್ಯೂಷಾ’ವನ್ನು ಬಿಡಲಿಲ್ಲ. ದೂರದ ಗಡಿಯಲ್ಲಿರುವ ನಲ್ಲನಿಗಾಗಿ ಹಾಡುವ ಆ ಹುಡುಗಿಯ ಹೆಸರನ್ನು ಸೈನಿಕರು ತಮ್ಮ ರಾಕೆಟ್ ತೋಪಿಗೇ ಇಟ್ಟರು.

ಇನ್ನು ತಟ್ಟೆಯ ವಿಷಯ. 78 ಸುತ್ತಿನ ಈ ರೆಕಾರ್ಡನ್ನು ಕೈಗೆತ್ತಿಕೊಂಡರೆ ಹಂಚಿನಷ್ಟು ಭಾರ, ಬಿದ್ದರೆ ಚೂರುಚೂರು. ಪ್ಲಾಸ್ಟಿಕ್ ಎಂದುಕೊಳ್ಳುವವರಿದ್ದಾರೆ. ಅಲ್ಲ, ಅದು ಅರಗು. ಪಾಂಡವರ ಅರಗಿನ ಮನೆಯ ಅರಗು, ಚನ್ನಪಟ್ಟಣದ ಗೊಂಬೆಗೆ ಬಣ್ಣ ಹಿಡಿಸುವ ಅರಗು. ಛೋಟಾ ನಾಗಪುರದ ಕಡೆ ಮುತ್ತುಗ, ಬೋರೆ, ಕುಸುಮ ಮರಗಳ ಕೊಂಬೆಗೆ ಸಣ್ಣ ಕೀಟವೊಂದು ಮೆತ್ತುವ ಅಂಟನ್ನು ಕೆರೆದು, ಕರಗಿಸಿ, ಹಾಳೆಯಾಗಿ ಎಳೆದರೆ ಶೆಲ್ಲಾಕ್. ಅದಕ್ಕೆ ಕಲ್ಲಿನ ಪುಡಿ, ಕಾಡಿಗೆ ಬೆರೆಸಿ ಬಿಸಿಯಲ್ಲಿ ಒತ್ತಿದರೆ ತಟ್ಟೆ ಸಿದ್ಧ. ಜಗತ್ತಿನ ಶೆಲ್ಲಾಕಿನ ಬಹುಪಾಲು ಹೋಗುತ್ತಿದ್ದುದು ನಮ್ಮ ದೇಶದಿಂದ. 1942ರ ಏಪ್ರಿಲ್‌ನಲ್ಲಿ ಜಪಾನಿನ ನೌಕಾಪಡೆ ಬಂಗಾಳ ಕೊಲ್ಲಿಗೆ ನುಗ್ಗಿ ಹಡಗುಗಳನ್ನು ಮುಳುಗಿಸಿತು, ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಬಿತ್ತು. ಅದೇ ತಿಂಗಳು ಅಮೆರಿಕ ಸರ್ಕಾರ ರೆಕಾರ್ಡ್ ಕಂಪನಿಗಳಿಗೆ ಸಿಗುವ ಶೆಲ್ಲಾಕಿನಲ್ಲಿ ಶೇ. 70ರಷ್ಟು ಕತ್ತರಿಸಿತು; ಸೈನ್ಯದ ಕೆಲಸಕ್ಕೆ ಅದು ಬೇಕಾಗಿತ್ತು. ಹೊಸ ಹಾಡು ಬೇಕಿದ್ದರೆ ಹಳೆಯ ತಟ್ಟೆ ತಂದುಕೊಡಿ ಎಂದರು ಅಂಗಡಿಯವರು. ಅದನ್ನು ಪುಡಿಮಾಡಿ ಹೊಸದನ್ನು ಒತ್ತುತ್ತಿದ್ದರು. ಅದೆಷ್ಟು ಒಳ್ಳೆಯ ಹಳೆಯ ಸಂಗೀತ ಹಾಗೆ ಅರೆದು ಹೋಯಿತೋ! 1943ರಲ್ಲಿ ಅಮೆರಿಕದ ಸೈನ್ಯ ತನ್ನವರಿಗೆಂದೇ ‘ವಿ-ಡಿಸ್ಕ್’ ಹೊರತಂದು ವಿನೈಲ್‌ಗೆ ಹೊರಳಿತು. ಅದು ದೂರದ ಸಾಗಣೆಯಲ್ಲೂ ಒಡೆಯುತ್ತಿರಲಿಲ್ಲ. ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಎಲ್‌ಪಿ ಬಂತು, ಅರಗಿನ ಕಾಲ ಮುಗಿಯುತ್ತ ಬಂತು.

ನಮ್ಮಲ್ಲಿ ಕಚ್ಚಾ ಫಿಲ್ಮಿಗೂ ಪಡಿತರ ಬಂದಿದ್ದ ಆ ದಿನಗಳಲ್ಲೇ, 1944ರಲ್ಲಿ, ನೌಶಾದರ ‘ರತನ್’ ಬಂತು. ಅದರಲ್ಲೂ ಅಮೀರ್‌ಬಾಯಿ ಇದ್ದಾರೆ, ಅಗಲಿಕೆಯ ಹಾಡೊಂದರಲ್ಲಿ. ‘ಕಿಸ್ಮತ್’ ಹಾಡಿನಲ್ಲಿ ಮೇಳದ ಮುಂದೆ ನಿಂತು ಗುಡುಗಿದ ಕೊರಳು ಇಲ್ಲಿ ಒಂದೊಂದು ಸ್ವರದ ತುದಿಯಲ್ಲೂ ಸಣ್ಣಗೆ ಬಿರುಕು ಬಿಡುತ್ತದೆ. ನನ್ನನ್ನು ಕೇಳಿದರೆ ಎರಡನೆಯದೇ ಹೆಚ್ಚು. ಪ್ರದೀಪ್ ಇಪ್ಪತ್ತು ವರ್ಷದ ನಂತರ ಇನ್ನೊಂದು ಯುದ್ಧದ ಹಾಡು ಬರೆದರು. 1963ರ ಜನವರಿ 27ರಂದು ದೆಹಲಿಯಲ್ಲಿ ನೆಹರೂ ಎದುರು ಲತಾ ಹಾಡಿದ ‘ಏ ಮೇರೆ ವತನ್ ಕೆ ಲೋಗೋ’ ಅದು. ಅದು ಎಲ್ಲರಿಗೂ ಗೊತ್ತು. ಅಮೀರ್‌ಬಾಯಿ 1965ರಲ್ಲಿ ತೀರಿಕೊಂಡರು. ಬೀಳಗಿಯ ಇವತ್ತಿನ ಹುಡುಗರಲ್ಲಿ ಆ ಹೆಸರು ಕೇಳಿದವರು ಕಡಿಮೆ.

ನಿಮ್ಮ ಅಟ್ಟದ ಮೇಲೆ ಅಜ್ಜನ ಕಾಲದ ತಟ್ಟೆಗಳಿದ್ದರೆ ಒಂದು ಮಾತು. ಧೂಳು ತೆಗೆಯಲು ಸ್ಪಿರಿಟ್ ಆಗಲಿ ಸ್ಯಾನಿಟೈಸರ್ ಆಗಲಿ ಮುಟ್ಟಿಸಬೇಡಿ, ಅರಗು ಕರಗಿ ಹಾಡೇ ಹೋಗುತ್ತದೆ. ಮೆತ್ತನೆಯ ಬಟ್ಟೆ ಸಾಕು. ಒಂದರ ಮೇಲೊಂದು ಪೇರಿಸದೆ, ಬಿಸಿಲು ಬೀಳದ ಕಡೆ ನೆಟ್ಟಗೆ ನಿಲ್ಲಿಸಿಡಿ. ನಡುವಿನ ಚೀಟಿಯಲ್ಲಿ ‘ಕರ್ನಾಟಕಿ’ ಎಂಬ ಹೆಸರು ಕಂಡರೆ ದಯವಿಟ್ಟು ಗುಜರಿಯವನಿಗೆ ಕೊಡಬೇಡಿ.